ಸರಣಿ ಕೊಲೆಯ ಕಾದಂಬರಿ ಮತ್ತು ಗ್ರಾಂಟ್ ರೋಡಿನ ಓದುಗ

ಪತ್ತೇದಾರಿ ಕಾದಂಬರಿಯನ್ನು ಕನ್ನಡ ವಿಮರ್ಶೆ ಬಹುಕಾಲ ಹೊರಬಾಗಿಲಲ್ಲೇ ನಿಲ್ಲಿಸಿದೆ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನ ಮೂಲಕ ಅಸಂಖ್ಯ ಜನರಿಗೆ ಓದಿನ ರುಚಿ ಹತ್ತಿಸಿದರು. ಆದರೂ ಆ ಬಗೆಯ ಬರಹಕ್ಕೆ ದೊರೆತದ್ದು ಹೊತ್ತು ಕಳೆಯುವ ಓದು ಎಂಬ ಹಣೆಪಟ್ಟಿ ಮಾತ್ರ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಮುಂಬಯಿ ಕನ್ನಡಿಗರ ಪರಂಪರೆಯನ್ನು ಬಲ್ಲವರು ಈ ತಾತ್ಸಾರವನ್ನು ಒಪ್ಪಲಾರರು. ಗ್ರಾಂಟ್ ರೋಡಿನಂಥ ಸ್ಥಳದಲ್ಲಿ ಕುಳಿತು ಓದಿದಾಗ ಈ ಪ್ರಕಾರದ ಒಂದು ಹಳೆಯ ಕೃತಿಯೂ ಗಂಭೀರವಾದ ಪ್ರಶ್ನೆಯನ್ನು ಎತ್ತಬಲ್ಲುದು.

ಅಗಾಥಾ ಕ್ರಿಸ್ಟಿಯ ‘ದಿ ಎ.ಬಿ.ಸಿ. ಮರ್ಡರ್ಸ್’ ಪ್ರಕಟವಾದದ್ದು 1936ರಲ್ಲಿ. 1920ರಿಂದ 1975ರವರೆಗೆ ಸಾಗಿದ ಹರ್ಕ್ಯೂಲ್ ಪೊಯ್ರೊ ಮಾಲಿಕೆಗೆ ಸೇರಿದ ಈ ಕಾದಂಬರಿಯಲ್ಲಿ ಕೊಲೆಗಳು ಅಕ್ಷರಮಾಲೆಯ ಕ್ರಮದಲ್ಲಿ ನಡೆಯುತ್ತವೆ. ಪ್ರತಿ ಶವದ ಬಳಿಯೂ ಒಂದು ರೈಲ್ವೆ ವೇಳಾಪಟ್ಟಿ ಇರುತ್ತದೆ. ಮೊದಲು ಸಾಯುವವಳು ಆಂಡೋವರಿನಲ್ಲಿ ಹೊಗೆಸೊಪ್ಪಿನ ಅಂಗಡಿ ನಡೆಸುವ ಬಡ ಮುದುಕಿ ಆಲಿಸ್ ಆಷರ್. ಆಗ ಸಂಶಯವೆಲ್ಲ ಅವಳ ಕುಡುಕ ಗಂಡನ ಮೇಲೆ. ಕೊನೆಗೆ ಬಯಲಾಗುವ ಸತ್ಯ ಕ್ರೂರವಾದುದು. ಹಂತಕನಿಗೆ ಬೇಕಾಗಿದ್ದುದು ಒಬ್ಬ ಸಿರಿವಂತನ ಸಾವು ಮಾತ್ರ. ಉಳಿದ ಸಾವುಗಳು ಅದನ್ನು ಮರೆಮಾಡುವ ಪರದೆ. ಹುಚ್ಚನೊಬ್ಬನ ಕೃತ್ಯವೆಂದು ಜಗತ್ತು ನಂಬಲೆಂದೇ ಈ ಸರಣಿ.

ಮುಂಬಯಿಗೆ ಇಂಥ ಭೀತಿ ಪುಸ್ತಕದಿಂದ ಬಂದದ್ದಲ್ಲ. 1960ರ ದಶಕದಲ್ಲಿ ರಾಮನ್ ರಾಘವ್ ಎಂಬಾತ ಫುಟ್‌ಪಾತಿನಲ್ಲಿ, ಗುಡಿಸಲುಗಳಲ್ಲಿ ಮಲಗಿದವರನ್ನು ಕೊಲ್ಲುತ್ತ ಹೋದ. ಅವನು ಸೆರೆಸಿಕ್ಕಿದ್ದು 1968ರ ಆಗಸ್ಟಿನಲ್ಲಿ. ತನಿಖೆಯ ನೇತೃತ್ವ ವಹಿಸಿದ್ದ ರಮಾಕಾಂತ ಕುಲಕರ್ಣಿಯವರು ಉತ್ತರ ಕನ್ನಡದ ಅವರ್ಸಾ ಮೂಲದವರು. ಆರೋಪಿಗೆ ವಿಧಿಸಿದ ಮರಣದಂಡನೆಯನ್ನು ಆತನ ಮನೋರೋಗದ ಕಾರಣದಿಂದ ಮುಂದೆ ಜೀವಾವಧಿ ಶಿಕ್ಷೆಗೆ ಇಳಿಸಲಾಯಿತು; 1995ರಲ್ಲಿ ಆತ ತೀರಿಕೊಂಡ. ಇಲ್ಲಿ ಆಸ್ತಿಯ ಆಸೆಯಿರಲಿಲ್ಲ, ಅಕ್ಷರಕ್ರಮವಿರಲಿಲ್ಲ, ಪೊಯ್ರೊನ ತರ್ಕಕ್ಕೆ ಸಿಗುವ ಕಾರಣವೂ ಇರಲಿಲ್ಲ.

ಕಾದಂಬರಿಯು ವಾಸ್ತವದಿಂದ ದೂರವೆಂದು ತಳ್ಳಿಹಾಕಲು ಇಷ್ಟು ಸಾಕೆಂದು ಕೆಲವರು ವಾದಿಸಬಹುದು. ಆ ವಾದ ಅರ್ಧಸತ್ಯ. ಕಲ್ಪನೆಯ ಕೊಲೆಗಡುಕನೂ ನಿಜವಾದ ಕೊಲೆಗಡುಕನೂ ಒಂದು ಸಂಗತಿಯನ್ನು ಬಳಸಿಕೊಂಡರು: ಬಡವರ ಸಾವು ಸಮಾಜವನ್ನು ತಡವಾಗಿ ಎಚ್ಚರಿಸುತ್ತದೆ. ಇಂದಿಗೂ ರಾಮನ್ ರಾಘವನ ಹೆಸರು ಎಲ್ಲರಿಗೂ ಗೊತ್ತು; ಸತ್ತವರ ಹೆಸರು ಹೇಳಬಲ್ಲವರು ವಿರಳ. ಈ ವಿಷಯದಲ್ಲಿ ಕ್ರಿಸ್ಟಿ ಹೆಚ್ಚು ನ್ಯಾಯವಂತಳು. ಆಲಿಸಳ ಸೋದರ ಸಂಬಂಧಿಯಾದ ಮನೆಗೆಲಸದ ಹುಡುಗಿ ಮೇರಿಯನ್ನು ಆಕೆ ಸಿರಿವಂತನ ತಮ್ಮನ ಸಾಲಿನಲ್ಲೇ ಕೂರಿಸಿ, ಪತ್ತೆಯಲ್ಲಿ ಪಾಲುದಾರಳನ್ನಾಗಿಸುತ್ತಾಳೆ. ಪರದೆಯಾಗಿ ಬಳಕೆಯಾದ ಜೀವಕ್ಕೂ ಒಬ್ಬರು ಅಳುವವರಿದ್ದಾರೆಂದು ಆ ಹುಡುಗಿ ನೆನಪಿಸುತ್ತಾಳೆ.

ಕೊಂದವರು ಯಾರು ಎಂಬುದು ಈ ಪ್ರಕಾರದ ಮೊದಲ ಪ್ರಶ್ನೆ. ಸತ್ತವರು ಯಾರು ಎಂಬುದು ವಿಮರ್ಶೆ ಕೇಳಬೇಕಾದ ಪ್ರಶ್ನೆ. ಕೆಲಸ ಮುಗಿಸಿ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಕೊನೆಯ ಗಾಡಿಗೆ ಕಾಯುವ ಓದುಗನಿಗೆ ಈ ಎರಡನೆಯ ಪ್ರಶ್ನೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಮಲಗಿದವರನ್ನು ದಾಟಿಕೊಂಡೇ ಅವನು ಅಲ್ಲಿಗೆ ಬಂದಿರುತ್ತಾನೆ. ಕನ್ನಡ ವಿಭಾಗಗಳ ಪಠ್ಯಕ್ರಮ ಅವನ ಓದಿನಿಂದ ಕಲಿಯಬೇಕಾದದ್ದು ಬಹಳವಿದೆ.