ಬಣ್ಣ ನಮ್ಮದು, ಅಳತೆ ಅವರದು

ಕಳೆದ ವರ್ಷ ಪುಣೆಯಲ್ಲಿ ಕೂತು ಆನ್‌ಲೈನಿನಲ್ಲಿ ‘ನಿಮಗಾಗಿಯೇ’ ಎಂಬ ಶೂ ಮಾಡಿಸಿದೆ. ತೆರೆಯ ಮೇಲೆ ಶೂ ಗಿರಗಿರ ತಿರುಗುತ್ತಿತ್ತು. ಲೇಸಿಗೊಂದು ಬಣ್ಣ, ಸೋಲಿಗೊಂದು ಬಣ್ಣ, ಹಿಮ್ಮಡಿಯ ಮೇಲೆ ನನ್ನ ಹೆಸರು. ಕೇಳದೆ ಬಿಟ್ಟದ್ದು ಒಂದೇ: ಪಾದ ಎಷ್ಟು ಅಗಲ? ಶೂ ಬಂತು, ಕಿರುಬೆರಳನ್ನು ಕಚ್ಚಿತು. ವಾಪಸ್ ಕಳಿಸಲು ಹೋದರೆ, ‘ಗ್ರಾಹಕರ ಆಯ್ಕೆಯಂತೆ ತಯಾರಿಸಿದ್ದನ್ನು ಹಿಂಪಡೆಯುವುದಿಲ್ಲ’ ಎಂಬ ಉತ್ತರ. ನನಗಾಗಿ ಮಾಡಿದ್ದು ಎಂಬ ಕಾರಣಕ್ಕೇ ನನಗಾಗದ ಶೂ ನನ್ನ ಕೊರಳಿಗೆ ಬಿತ್ತು.

ಉದ್ಯಮದವರು ಇದನ್ನು ‘ಮಾಸ್ ಕಸ್ಟಮೈಸೇಶನ್’ ಎನ್ನುತ್ತಾರೆ. 1987ರಲ್ಲಿ ಸ್ಟಾನ್ ಡೇವಿಸ್ ‘ಫ್ಯೂಚರ್ ಪರ್ಫೆಕ್ಟ್’ ಪುಸ್ತಕದಲ್ಲಿ ಚಲಾವಣೆಗೆ ತಂದ ಮಾತು: ಕಾರ್ಖಾನೆಯ ದರದಲ್ಲಿ ಒಬ್ಬೊಬ್ಬರಿಗೂ ಅವರವರದೇ ವಸ್ತು. ಅದಕ್ಕೆ ನೆರವಾಗುವುದು ವರ್ಚುವಲ್ ಪ್ರೊಟೊಟೈಪ್. ಅಂದರೆ ವಸ್ತುವನ್ನು ಮೊದಲು ಕಂಪ್ಯೂಟರಿನೊಳಗೆ ಕಟ್ಟಿ, ಪರೀಕ್ಷಿಸಿ, ತಿದ್ದುವುದು. ನನ್ನ ಜಗಳ ಈ ಸಾಧನದ ಜೊತೆಗಲ್ಲ. ತಿದ್ದುವುದಕ್ಕೆಂದು ಇರುವ ಮಾದರಿಯನ್ನು ಶೋಕೇಸ್ ಮಾಡಿಕೊಂಡಿದ್ದಾರಲ್ಲ, ಅದರ ಜೊತೆಗೆ.

ಕಿವಿಯೊಳಗೆ ಕೂರುವ ಶ್ರವಣ ಸಾಧನವನ್ನು ನೋಡಿ. ಕಿವಿಗೆ ಸಿಲಿಕೋನ್ ತುಂಬಿ ಅಚ್ಚು ತೆಗೆದು ಸ್ಕ್ಯಾನ್ ಮಾಡುತ್ತಾರೆ. ತಂತ್ರಜ್ಞರು ಕಂಪ್ಯೂಟರಿನಲ್ಲೇ ಕವಚ ರೂಪಿಸಿ, ಬಿಡಿಭಾಗಗಳು ಒಳಗೆ ಹಿಡಿಯುತ್ತವೆಯೇ ಎಂದು ಕೂರಿಸಿ ನೋಡಿ, ಹಿಡಿಯದಿದ್ದರೆ ಅಲ್ಲೇ ತಿದ್ದುತ್ತಾರೆ. ಆಮೇಲೆ 3ಡಿ ಮುದ್ರಣ. ಒಬ್ಬನದೇ ಎಡಗಿವಿ ಬಲಗಿವಿಯಂತಿರುವುದಿಲ್ಲ, ಕವಚವೂ ಹಾಗೇ. ಇಲ್ಲಿ ಮಾದರಿ ಹುಟ್ಟುವುದು ದೇಹದಿಂದ, ಬಣ್ಣದ ಪಟ್ಟಿಯಿಂದಲ್ಲ.

ಶೂ ಕಂಪನಿಯವರ ಕಷ್ಟವೂ ಸುಳ್ಳಲ್ಲ. ಶೂ ಕಟ್ಟುವುದು ‘ಲಾಸ್ಟ್’ ಎಂಬ ಪಾದದಾಕಾರದ ಅಚ್ಚಿನ ಮೇಲೆ. ಬಣ್ಣ ಬದಲಾದರೆ ಅಚ್ಚು ಅದೇ. ಅಗಲ ಬದಲಾದರೆ ಬೇರೆ ಅಚ್ಚು, ಸೋಲಿಗೂ ಬೇರೆ ಮೋಲ್ಡ್. ಖರ್ಚು ಅಲ್ಲಿದೆ. ಆ ಖರ್ಚು ಬೇಡವೆಂದರೆ ಬೇಡ, ಬಣ್ಣದ ಶೂ ಎಂದೇ ಮಾರಲಿ. ‘ನಿಮಗಾಗಿಯೇ’ ಎಂದು ಯಾಕೆ ಹೇಳಬೇಕು? ನನಗೆ ಬಂದದ್ದು ಬೆರಳಿನ ಬೊಬ್ಬೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಅದೇ ಬಿಗಿ ಶೂ ಮಾಯದ ಹುಣ್ಣಾಗಬಹುದು, ಬೆರಳನ್ನೇ ಕಳೆಯಬಹುದು. ಪೋಲಿಯೋದಿಂದ ಪಾದಗಳು ಒಂದೊಂದು ಅಳತೆಯಾದವರು ಇಂದಿಗೂ ಎರಡು ಜೊತೆ ಕೊಂಡು ಒಂದೊಂದನ್ನು ಬಿಸಾಡಬೇಕಾಗುತ್ತದೆ. ಈ ತಂತ್ರಜ್ಞಾನ ಮೊದಲು ತಲುಪಬೇಕಾದ್ದು ಇವರನ್ನು.

ನಮ್ಮ ಟೈಲರ್ ಕೋಟಿಗೆ ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕರೆಯುತ್ತಾರೆ. ಕಂಕುಳಲ್ಲಿ ಹಿಡಿಯುತ್ತದೆ ಎಂದರೆ ಸೀಮೆಸುಣ್ಣದ ಗುರುತು ಹಾಕಿ ಬಿಚ್ಚುತ್ತಾರೆ. ಅದೂ ಪ್ರೊಟೊಟೈಪೇ. ತೆರೆಯ ಮೇಲಿನ ಮಾದರಿ ಅಷ್ಟಾದರೂ ಮಾಡಲಿ: ಅಳತೆ ಕೇಳಲಿ, ಎಲ್ಲಿ ಬಿಗಿಯಾದೀತೆಂದು ಮೊದಲೇ ತೋರಿಸಲಿ. ಆಗದಿದ್ದರೆ ಕಂಪನಿ ವಾಪಸ್ ತೆಗೆದುಕೊಳ್ಳಲಿ. ಮುಂದಿನ ಸಲ ‘ನಿಮಗಾಗಿಯೇ’ ಎಂಬ ಗುಂಡಿ ಒತ್ತುವ ಮೊದಲು ನೀವೂ ಇದನ್ನು ಕೇಳಿ.