ಆರು ಗಂಟೆಗೆ ಮೊದಲೇ ಹಾರಲು ಬಿಟ್ಟವರು ಯಾರು?

2025ರ ಜೂನ್ 15ರ ನಸುಕು. ಗುಪ್ತಕಾಶಿಯಿಂದ 5.10ಕ್ಕೆ ಎದ್ದ ಹೆಲಿಕಾಪ್ಟರ್ 5.18ಕ್ಕೆ ಕೇದಾರನಾಥದಲ್ಲಿ ಇಳಿಯಿತು, 5.19ಕ್ಕೆ ಮತ್ತೆ ಮೇಲೇರಿತು. ನಡುವೆ ಒಂದೇ ನಿಮಿಷ. ಅಲ್ಲಿನ ರೂಢಿಯೇ ಹಾಗೆ: ಮೇಲಿನ ರೆಕ್ಕೆ ತಿರುಗುತ್ತಲೇ ಇರುತ್ತದೆ, ಬಂದವರ ತಲೆ ಬಗ್ಗಿಸಿ ಇಳಿಸುತ್ತಾರೆ, ಹೊರಟವರ ತಲೆ ಬಗ್ಗಿಸಿ ಹತ್ತಿಸುತ್ತಾರೆ. ಗೌರೀಕುಂಡದ ಬಳಿ ಕಣಿವೆಯ ತುಂಬ ಮೋಡ ಕವಿದಿತ್ತು. ಹೆಲಿಕಾಪ್ಟರ್ ಅಲ್ಲೇ ಬಿತ್ತು. ಪೈಲಟ್ ಸೇರಿ ಏಳು ಮಂದಿ ಸತ್ತರು. ಅವರಲ್ಲಿ ಎರಡು ವರ್ಷ ತುಂಬದ ಮಗುವೂ ಇತ್ತು.

ಪೊಲೀಸ್ ದೂರಿನ ಪ್ರಕಾರ ಆರ್ಯನ್ ಏವಿಯೇಷನ್ ಕಂಪನಿಗೆ ಕೊಟ್ಟಿದ್ದ ಮೊದಲ ಸ್ಲಾಟ್ 6ರಿಂದ 7 ಗಂಟೆ. ಹಾಗಾದರೆ ಅದು ಅನುಮತಿಯಿಲ್ಲದ ಹಾರಾಟ. ಕಂಪನಿಯ ಇಬ್ಬರು ಮ್ಯಾನೇಜರ್‌ಗಳ ಮೇಲೆ ಎಫ್‌ಐಆರ್ ಆಯಿತು. ಆಗಲೇಬೇಕಿತ್ತು. ಆದರೆ ಹೆಲಿಕಾಪ್ಟರ್ ಕದ್ದುಮುಚ್ಚಿ ಓಡಿಸುವಂಥದ್ದಲ್ಲ, ಅದರ ಸದ್ದಿಗೆ ಇಡೀ ಕಣಿವೆ ಎಚ್ಚರಗೊಳ್ಳುತ್ತದೆ. ಹೊತ್ತಿಗೆ ಮುಂಚೆ ಅದು ಒಂದು ಸಲ ಮೇಲೆ ಹೋಗಿ, ಇಳಿದು, ಇನ್ನೊಂದು ತಂಡವನ್ನು ಹತ್ತಿಸಿಕೊಂಡು ಹೊರಟಿತು. ತಡೆಯಬೇಕಾದವರು ಆಗ ಎಲ್ಲಿದ್ದರು? ಎಫ್‌ಐಆರ್‌ನಲ್ಲಿ ಅವರ ಹೆಸರು ಏಕಿಲ್ಲ?

ಉತ್ತರಾಖಂಡದ ಮುಖ್ಯಮಂತ್ರಿ ಪುಷ್ಕರ್ ಸಿಂಗ್ ಧಾಮಿ ಅಪಘಾತದ ನಂತರ ಒಂದು ಆಜ್ಞೆ ಹೊರಡಿಸಿದರು: ಹಿಮಾಲಯದಲ್ಲಿ ದೀರ್ಘ ಅನುಭವವಿರುವ ಪೈಲಟ್‌ಗಳಿಗೆ ಮಾತ್ರ ಇನ್ನು ಅವಕಾಶ. ಅಂದಮೇಲೆ ಅಲ್ಲಿಯವರೆಗೆ ಏನು ನೋಡಿ ಬಿಡುತ್ತಿದ್ದರು? ತೀರಿಕೊಂಡ ಪೈಲಟ್ ಸೇನೆಯಿಂದ ನಿವೃತ್ತರಾದ ಅಧಿಕಾರಿ, ನಕಲಿ ಲೈಸೆನ್ಸಿನ ಆಸಾಮಿಯಲ್ಲ. ಸಾವಿರಾರು ಅಡಿ ಎತ್ತರದ ತೆಳು ಗಾಳಿಯಲ್ಲಿ, ಕಣ್ಣಿಗೆ ಕಂಡದ್ದನ್ನೇ ನಂಬಿ ಹಾರಬೇಕಾದ ಇಕ್ಕಟ್ಟಿನ ಕಣಿವೆಯಿದು. ಇಲ್ಲಿ ಲೈಸೆನ್ಸ್ ಇದ್ದರಷ್ಟೇ ಸಾಲದು, ‘ಇವತ್ತು ಹಾರುವುದಿಲ್ಲ’ ಎನ್ನುವ ಧೈರ್ಯವೂ ಬೇಕು. ಹಾಗೆಂದವನ ನೌಕರಿ ಉಳಿಯುವಂತೆಯೂ ಇರಬೇಕು. ಆಗ ಗುಪ್ತಕಾಶಿಯಿಂದ ಹೋಗಿಬರುವ ಟಿಕೆಟ್ಟಿಗೆ ಸುಮಾರು 8,500 ರೂಪಾಯಿ ಇತ್ತು, ಮಳೆಗಾಲಕ್ಕೆ ಮುಂಚಿನ ಕೆಲವೇ ವಾರಗಳ ಸುಗ್ಗಿ. ಬೇಡವೆಂದವನನ್ನು ಕಂಪನಿ ತಲೆ ಮೇಲೆ ಹೊತ್ತು ಮೆರೆಸುತ್ತದೆಯೇ?

ಇನ್ನೂ ಒಂದು ವಿಚಿತ್ರ. ಹತ್ತುವ ಮುನ್ನ ಯಾತ್ರಿಕರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಾರೆ. ಮೈತೂಕ ಮಿತಿ ಮೀರಿದರೆ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಹಣ. ಇಷ್ಟು ಕರಾರುವಾಕ್ಕಾಗಿ ಕಿಲೋ ಎಣಿಸುವ ವ್ಯವಸ್ಥೆಗೆ ಮೋಡ ಮಾತ್ರ ಕಾಣುವುದಿಲ್ಲ.

ಇದು ಒಬ್ಬರ ದುಡುಕು ಎನ್ನುವವರು ಆ ವರ್ಷದ ಮೇ-ಜೂನ್ ತಿಂಗಳನ್ನು ನೆನೆಯಲಿ. ಮೇ 8ರಂದು ಗಂಗೋತ್ರಿ ದಾರಿಯಲ್ಲಿ ಆರು ಸಾವು. ಮೇ 17ರಂದು ಕೇದಾರನಾಥದಲ್ಲಿ ಏಮ್ಸ್‌ನ ಹೆಲಿ ಆಂಬುಲೆನ್ಸ್ ಬಿದ್ದು ಬಾಲ ಮುರಿದುಕೊಂಡಿತು. ಜೂನ್ 7ರಂದು ಇನ್ನೊಂದು ಹೆಲಿಕಾಪ್ಟರ್ ನಡುರಸ್ತೆಯಲ್ಲೇ ಇಳಿಯಿತು. ಗೌರೀಕುಂಡದ ದುರಂತದ ನಂತರ ಮತ್ತೊಂದು ಕಂಪನಿಯ ಇಬ್ಬರು ಪೈಲಟ್‌ಗಳ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು, ಕೆಟ್ಟ ಹವೆಯಲ್ಲಿ ಹಾರಿದ್ದಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇದಾರದ ಬಳಿ ಬಿದ್ದು ಏಳು ಜನರನ್ನು ಬಲಿ ತೆಗೆದುಕೊಂಡದ್ದೂ ಇದೇ ಆರ್ಯನ್ ಕಂಪನಿಯ ಹೆಲಿಕಾಪ್ಟರ್. ಆ ವರ್ಷ ನಿಯಮ ಮುರಿದ ಐದು ಕಂಪನಿಗಳಿಗೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಹಾಕಿದ ದಂಡ ತಲಾ 5 ಲಕ್ಷ ರೂಪಾಯಿ. 2025ರ ಟಿಕೆಟ್ ಲೆಕ್ಕದಲ್ಲಿ ಅರವತ್ತು ಜನ ಹೋಗಿಬಂದರೆ ಮುಗಿಯಿತು.

ಮೊಣಕಾಲು ಸವೆದ ಹಿರಿಯರು ಮತ್ತೆ ಹೇಗೆ ಹೋಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕರ್ನಾಟಕದಿಂದಲೂ ಅಂಥವರು ಹೋಗುತ್ತಾರೆ. ಸೋನ್‌ಪ್ರಯಾಗದಿಂದ 12.9 ಕಿ.ಮೀ. ರೋಪ್‌ವೇಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಆಗುವವರೆಗೆ ಹಾರಾಟ ಇರಲಿ, ಆದರೆ ಹಾರಬಹುದೇ ಬೇಡವೇ ಎಂದು ತೀರ್ಮಾನಿಸುವವರು ಟಿಕೆಟ್‌ನಿಂದ ಒಂದು ಪೈಸೆಯೂ ಪಡೆಯದವರಾಗಿರಲಿ. ಅವರ ಹೆಸರು ಪ್ರತಿ ಹಾರಾಟದ ದಾಖಲೆಯಲ್ಲಿರಲಿ, ಹೆಲಿಕಾಪ್ಟರ್ ಬಿದ್ದ ದಿನ ಎಫ್‌ಐಆರ್‌ನಲ್ಲೂ ಬರಲಿ.