ವಿದ್ಯುಚ್ಛಕ್ತಿಯೂ ಮೂಲನಿವಾಸಿಗಳ ಒಪ್ಪಿಗೆಯೂ

ನಾಡಿನ ಏಳಿಗೆಗೆ ವಿದ್ಯುಚ್ಛಕ್ತಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಭೂಮಂಡಲವೇ ಕಾದು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಕಲ್ಲಿದ್ದಲಿನ ಹೊಗೆಗಿಂತ ಗಾಳಿ ಬಿಸಿಲುಗಳಿಂದ ಪಡೆಯುವ ಶಕ್ತಿ ಮೇಲೆಂಬುದನ್ನು ವಿಚಾರವಂತರಾರೂ ಅಲ್ಲಗಳೆಯರು. ಆದರೆ ಆ ನಿರ್ಮಲ ಶಕ್ತಿಯನ್ನು ಪಡೆದ ಮಾರ್ಗವೂ ನಿರ್ಮಲವಾಗಿತ್ತೆ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ನಾರ್ವೆ ದೇಶದ ಫೋಸೆನ್ ಪ್ರಕರಣವು ಈ ಪ್ರಶ್ನೆಯನ್ನು ನಮ್ಮ ಮುಂದೆ ನೇರವಾಗಿ ತಂದಿರಿಸಿದೆ.

ಫೋಸೆನ್ ಪರ್ಯಾಯದ್ವೀಪದ ಗುಡ್ಡಗಳು, ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳಿಗೆ ಚಳಿಗಾಲದ ಮೇವಿನ ನೆಲೆ. ನಮ್ಮ ಅಡಿಗೆಮನೆಯ ಮಸಾಲೆಗೆ ಬಳಸುವ ಕಲ್ಲುಹೂವಿನ ಬಳಗಕ್ಕೇ ಸೇರಿದ ಬಗೆಯೊಂದನ್ನು ಹಿಮದಡಿಯಿಂದ ಗೊರಸಿನಲ್ಲಿ ಕೆದಕಿ ತಿಂದು ಈ ಪ್ರಾಣಿಗಳು ಚಳಿಗಾಲವನ್ನು ಕಳೆಯುತ್ತವೆ. ತಿರುಗುವ ಗಾಳಿಯಂತ್ರಗಳ ಬಳಿ ಅವು ಸುಳಿಯುವುದಿಲ್ಲ. ಸಾಮಿಗಳಿಗಾದರೋ ಹಿಂಡು ಕಾಯುವುದು ಹೊಟ್ಟೆಪಾಡು ಮಾತ್ರವಲ್ಲ. ಅವರ ನುಡಿ, ನೆಂಟಸ್ತಿಕೆ, ನಡೆವಳಿಕೆಗಳೆಲ್ಲವೂ ಅದರೊಡನೆ ಹೆಣೆದುಕೊಂಡಿವೆ.

ಅಲ್ಲಿ ಯಂತ್ರಗಳನ್ನು ನಿಲ್ಲಿಸಲು 2010ರಲ್ಲಿ ಪರವಾನಗಿ ದೊರೆಯಿತು. 2013ರಲ್ಲಿ ಸಚಿವಾಲಯವು ಅದನ್ನು ಎತ್ತಿಹಿಡಿಯಿತು. ಸಾಮಿಗಳು ನ್ಯಾಯಾಲಯದ ಮೊರೆ ಹೊಕ್ಕರು. ಜನಾಂಗ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಸಮಿತಿಯು ಕಾಮಗಾರಿಯನ್ನು ತಡೆಹಿಡಿಯಿರೆಂದು 2018ರಲ್ಲಿ ಕೇಳಿಕೊಂಡರೂ ಸರ್ಕಾರ ಅದಕ್ಕೆ ಕಿವಿಗೊಡಲಿಲ್ಲ. ಸ್ಟೋರ್‌ಹೇಯಾದಲ್ಲಿ 80, ರೋಆನ್‌ನಲ್ಲಿ 71 ಯಂತ್ರಗಳು ಎದ್ದು ನಿಂತವು. ತರುವಾಯ, 2021ರ ಅಕ್ಟೋಬರ್ 11ರಂದು, ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಾಧೀಶರು ಒಮ್ಮತದಿಂದ ಆ ಪರವಾನಗಿಗಳು ಅಸಿಂಧುವೆಂದು ತೀರ್ಪಿತ್ತರು.

ತೀರ್ಪಿನ ತರ್ಕ ಮನನಯೋಗ್ಯವಾದುದು. ಕೆಳಗಿನ ನ್ಯಾಯಾಲಯವು ಹಿಂಡನ್ನು ಚಳಿಗಾಲದಲ್ಲಿ ಕೂಡಿಹಾಕಿ ಮೇವು ಹಾಕಲೆಂದು ಸುಮಾರು 9 ಕೋಟಿ ಕ್ರೋನರ್ ಪರಿಹಾರ ವಿಧಿಸಿತ್ತು. ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಲ್ಪಸಂಖ್ಯಾತ ಸಮುದಾಯವು ತನ್ನ ಸಂಸ್ಕೃತಿಯನ್ನು ಬಾಳುವ ಹಕ್ಕನ್ನು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 27ನೆಯ ವಿಧಿ ಕಾಪಾಡುತ್ತದೆ. ಆ ಹಕ್ಕನ್ನು ಉಳಿದವರ ಲಾಭದೊಡನೆ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಇಷ್ಟೊಂದು ಹಾನಿ ಮಾಡದ ಬೇರೆ ಸ್ಥಳಗಳೂ ಇದ್ದುವು ಎಂದಿತು. ಬಹುಜನರ ಹಿತಕ್ಕಾಗಿ ಕೆಲವರು ನಷ್ಟ ಸಹಿಸಬೇಕೆಂಬ ವಾದ ನಮ್ಮಲ್ಲಿಯೂ ಬಲು ಜನಪ್ರಿಯ. ತಲೆಯೆಣಿಕೆಯೇ ಪ್ರಜಾಪ್ರಭುತ್ವವಾದರೆ ಬೆರಳೆಣಿಕೆಯ ಕುಟುಂಬಗಳು ಯಾವ ಕಾಲಕ್ಕೂ ಗೆಲ್ಲಲಾರವು.

ಆದರೂ ಯಂತ್ರಗಳು ತಿರುಗುತ್ತಲೇ ಇದ್ದುವು. ತೀರ್ಪು ಬಂದು 500 ದಿನಗಳಾದಾಗ, 2023ರ ಫೆಬ್ರವರಿಯಲ್ಲಿ, ಸಾಮಿ ತರುಣರು ಓಸ್ಲೋ ನಗರದ ಇಂಧನ ಸಚಿವಾಲಯದಲ್ಲಿ ಧರಣಿ ಕುಳಿತರು. ಸರ್ಕಾರ ಕ್ಷಮೆ ಕೇಳಿತು. ದಕ್ಷಿಣ ಫೋಸೆನ್ನಿನ ಸಾಮಿಗಳೊಡನೆ 2023ರ ಡಿಸೆಂಬರಿನಲ್ಲಿ, ಉತ್ತರದವರೊಡನೆ 2024ರ ಮಾರ್ಚಿಯಲ್ಲಿ ಒಪ್ಪಂದಗಳಾದುವು: ಬದಲಿ ಮೇವಿನ ನೆಲ, ವಾರ್ಷಿಕ ಹಣ, ಯಂತ್ರಗಳು ಮಾತ್ರ ಇದ್ದಲ್ಲಿಯೇ. ಕಟ್ಟಿ ಮುಗಿಸಿದ ಮೇಲೆ ನಡೆಸುವ ಸಂಧಾನದಲ್ಲಿ 'ಬೇಡ' ಎಂಬ ಮಾತಿಗೆ ಎಡೆಯೆಲ್ಲಿ?

ನಮ್ಮ ದೇಶವೂ ಈ ವಿಷಯದಲ್ಲಿ ಹೊರತಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಬಲದಿಂದಲೇ ಒಡಿಶಾದ ನಿಯಮಗಿರಿಯ ಹನ್ನೆರಡು ಗ್ರಾಮಸಭೆಗಳು 2013ರಲ್ಲಿ ಬಾಕ್ಸೈಟ್ ಗಣಿಗಾರಿಕೆಯನ್ನು ಒಂದೇ ಕಂಠದಿಂದ ನಿರಾಕರಿಸಿದುವು. ಅಲ್ಲಿ ಕೇಳಿದ್ದು ಬೆಟ್ಟವನ್ನು ಅಗೆಯುವುದಕ್ಕೆ ಮೊದಲು. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು, ಅಂತಿಮ ಅನುಮೋದನೆಗೆ ಮುನ್ನ ಅರಣ್ಯವಾಸಿಗಳ ಒಪ್ಪಿಗೆಯನ್ನು ಪರಿಶೀಲಿಸುವ ಹೊಣೆಯನ್ನು ಕೇಂದ್ರದ ಹೆಗಲಿನಿಂದ ಇಳಿಸಿ ರಾಜ್ಯಗಳಿಗೆ ವಹಿಸಿದುವು. ಇದು ಫೋಸೆನ್ನಿನ ದಾರಿಯೇ. ಅಣೆಕಟ್ಟಾಗಲಿ, ಗಾಳಿಯಂತ್ರವಾಗಲಿ, ಟೆಂಡರು ಕರೆಯುವ ಮೊದಲೇ ಗ್ರಾಮಸಭೆ ಸೇರಬೇಕು. ಯೋಜನೆಯ ವಿವರಗಳು ಆ ಜನರಾಡುವ ನುಡಿಯಲ್ಲಿಯೇ ಅವರ ಕೈಸೇರಬೇಕು. ಅವರು ಬೇಡವೆಂದರೆ ಇಂಜಿನಿಯರುಗಳು ನಕ್ಷೆಯಲ್ಲಿ ಬೇರೆ ಸ್ಥಳವನ್ನು ಹುಡುಕಬೇಕು.